ಖಾಲಿ ಪಾತ್ರೆಯ ತೂಕ: ನ್ಯೂಟ್ರಾನುಗಳ ಅಸ್ಥಿತಿಸ್ಥಾಪಕ ಚದರಿಕೆಯನ್ನು ಅಳೆಯುವ ಬಗೆ

(ರಿಯಾಧ್ ನಗರದ ಒಲಾಯಾದಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



 ಆಹ್ವಾನ ಪತ್ರಿಕೆಯಲ್ಲಿ ವಿಷಯದ ಹೆಸರನ್ನು ಓದಿ ಕೆಲವರಾದರೂ ಗಾಬರಿಗೊಂಡಿರಬಹುದು. ಹಾಡು, ಹಾಸ್ಯ, ಹರಟೆಗಳ ನಡುವೆ ಪರಮಾಣುಬೀಜದ ಮಾತೇಕೆ ಎಂದು ಕೇಳಿಕೊಂಡಿರಲೂಬಹುದು. ಅಂಥವರಿಗೆ ಒಂದು ಭರವಸೆ ಕೊಡುತ್ತೇವೆ. ನಾವು ಇಂದು ಸಮೀಕರಣಗಳನ್ನು ಬರೆಯುವುದಿಲ್ಲ. ಒಂದು ಅಂಕಿಯನ್ನು ಸರಿಯಾಗಿ ಅಳೆಯುವುದು ಎಷ್ಟು ಕಷ್ಟ, ಹಾಗೆ ಅಳೆದ ಅಂಕಿ ಎಷ್ಟು ಕಾಲ ಬಾಳುತ್ತದೆ ಎಂಬ ಎರಡೇ ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ. ಇಲ್ಲಿರುವವರಲ್ಲಿ ಎಣ್ಣೆ ಉದ್ಯಮದವರಿದ್ದಾರೆ, ವೈದ್ಯರಿದ್ದಾರೆ, ಕಟ್ಟಡ ನಿರ್ಮಾಣದವರಿದ್ದಾರೆ, ಲೆಕ್ಕಪತ್ರ ನೋಡುವವರಿದ್ದಾರೆ. ಅಳತೆಯ ಕಷ್ಟ ನಿಮಗಾರಿಗೂ ಹೊಸದಲ್ಲ.

ಮೊದಲು ನ್ಯೂಟ್ರಾನಿನ ಪರಿಚಯ. 1932ರಲ್ಲಿ ಕೇಂಬ್ರಿಜ್‌ನ ಜೇಮ್ಸ್ ಚಾಡ್‌ವಿಕ್ ಈ ಕಣವನ್ನು ಕಂಡುಹಿಡಿದರು. ಪ್ರೋಟಾನಿನಷ್ಟೇ ಭಾರವುಳ್ಳದ್ದು, ಆದರೆ ವಿದ್ಯುದಂಶವಿಲ್ಲದ್ದು. ವಿದ್ಯುದಂಶವಿಲ್ಲವೆಂಬುದೇ ಇದರ ಗುಣ, ಅದೇ ಇದರ ತೊಡಕು. ಪ್ರೋಟಾನು ಪರಮಾಣುಬೀಜವನ್ನು ಸಮೀಪಿಸಿದರೆ ಬೀಜದ ಧನ ವಿದ್ಯುತ್ತು ಅದನ್ನು ಹೊರದೂಡುತ್ತದೆ. ನ್ಯೂಟ್ರಾನನ್ನು ತಡೆಯುವ ದ್ವಾರಪಾಲಕರಿಲ್ಲ. ಅದು ನೇರವಾಗಿ ಗರ್ಭಗುಡಿಗೆ ನಡೆದುಬಿಡುತ್ತದೆ. ಆದರೆ ವಿದ್ಯುದಂಶವಿಲ್ಲದ ಕಾರಣ ನಮ್ಮ ಉಪಕರಣಗಳಲ್ಲಿ ತಾನಾಗಿ ಯಾವ ಗುರುತನ್ನೂ ಬಿಡುವುದಿಲ್ಲ. ಅದು ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದನ್ನು ಅದು ತಟ್ಟಿದ ವಸ್ತುಗಳಿಂದಲೇ ತಿಳಿಯಬೇಕು.

ನ್ಯೂಟ್ರಾನು ಬೀಜಕ್ಕೆ ತಾಗಿ ಹೊರಬರುವುದನ್ನು ಚದರಿಕೆ ಎನ್ನುತ್ತೇವೆ. ಇದರಲ್ಲಿ ಎರಡು ಬಗೆ. ಮಕ್ಕಳೇ, ನೀವು ಕೇರಂ ಆಡಿದ್ದೀರಿ. ಸ್ಟ್ರೈಕರ್ ಕಾಯಿಗೆ ತಾಗಿದಾಗ ಅದರ ವೇಗದಲ್ಲಿ ಒಂದು ಪಾಲು ಕಾಯಿಗೆ ಹೋಗುತ್ತದೆ, ಉಳಿದದ್ದು ಸ್ಟ್ರೈಕರಿನಲ್ಲಿಯೇ ಇರುತ್ತದೆ. ಕಾಯಿಯ ಒಳಗೆ ಏನೂ ಬದಲಾಗುವುದಿಲ್ಲ. ಇದು ಸ್ಥಿತಿಸ್ಥಾಪಕ ಚದರಿಕೆ. ಈಗ ದೇವಸ್ಥಾನದ ಘಂಟೆಗೆ ಒಂದು ಗೋಲಿಯನ್ನು ಎಸೆದಿರೆಂದು ಭಾವಿಸಿ. ಗೋಲಿ ಹಿಂದಕ್ಕೆ ಬರುತ್ತದೆ, ಆದರೆ ಮೊದಲಿಗಿಂತ ನಿಧಾನವಾಗಿ. ಕಳೆದುಹೋದ ಶಕ್ತಿ ಘಂಟೆಯ ನಾದವಾಗಿದೆ. ಇದು ಅಸ್ಥಿತಿಸ್ಥಾಪಕ ಚದರಿಕೆ. ಬೀಜವು ಒಳಗೊಳಗೇ ಉದ್ರಿಕ್ತಗೊಂಡು, ಕ್ಷಣಾರ್ಧಕ್ಕಿಂತ ಬಹಳ ಕಡಿಮೆ ಕಾಲದಲ್ಲಿ ಒಂದು ಗಾಮಾ ಕಿರಣವನ್ನು ಹೊರಸೂಸಿ ಶಾಂತವಾಗುತ್ತದೆ. ಆ ಗಾಮಾ ಕಿರಣವೇ ನಮ್ಮ ಘಂಟಾನಾದ.

ಹೋಲಿಕೆ ಒಂದು ಕಡೆ ಸೋಲುತ್ತದೆ. ಘಂಟೆಯನ್ನು ಮೆಲ್ಲಗೆ ತಟ್ಟಿದರೆ ಮೆಲ್ಲಗೆ ಮೊಳಗುತ್ತದೆ. ಪರಮಾಣುಬೀಜ ಹಾಗಲ್ಲ. ಅದು ಚೌಕಾಸಿಯಿಲ್ಲದ ಅಂಗಡಿ. ಕಬ್ಬಿಣವನ್ನೇ ತೆಗೆದುಕೊಳ್ಳೋಣ. ಭೂಮಿಯ ಮೇಲಿನ ಕಬ್ಬಿಣದಲ್ಲಿ ನೂರಕ್ಕೆ ಸುಮಾರು 92 ಪಾಲು ಕಬ್ಬಿಣ-56. ಅದರ ಮೊದಲ ಉದ್ರಿಕ್ತ ಸ್ಥಿತಿಯ ಬೆಲೆ 847 ಕಿಲೋ ಎಲೆಕ್ಟ್ರಾನ್ ವೋಲ್ಟ್. 800 ತಂದವನಿಗೆ ಅಲ್ಲಿ ಸರಕು ಸಿಗುವುದಿಲ್ಲ. 847 ತಂದರೂ ಸಾಲದು. ಏಕೆಂದರೆ ಡಿಕ್ಕಿಯ ಭರದಲ್ಲಿ ಬೀಜವು ಹಿಂದಕ್ಕೆ ಸರಿಯಬೇಕು, ಆ ಸಾಗಣೆಯ ವೆಚ್ಚವನ್ನೂ ನ್ಯೂಟ್ರಾನೇ ಭರಿಸಬೇಕು. ಒಟ್ಟು 862 ಆದಾಗ ಬಾಗಿಲು ತೆರೆಯುತ್ತದೆ. ಇದಕ್ಕೆ ಹೊಸ್ತಿಲಿನ ಶಕ್ತಿ ಎನ್ನುತ್ತೇವೆ. ಬೆಲೆಯ ಪಟ್ಟಿ ಒಂದೊಂದು ಧಾತುವಿಗೂ ಬೇರೆ. ಸೋಡಿಯಂಗೆ 440. ನಮ್ಮ ಸುತ್ತಲ ಮರಳಿನಲ್ಲಿರುವ ಸಿಲಿಕಾನ್-28ಕ್ಕೆ 1779. ಇಂಗಾಲ-12ಕ್ಕೆ 4440ರಷ್ಟು. ಯುರೇನಿಯಂ-238ಕ್ಕೆ ಕೇವಲ 45. ಜಲಜನಕದ ಬೀಜ ಒಂಟಿ ಪ್ರೋಟಾನು, ಅದಕ್ಕೆ ಇಂಥ ಪಟ್ಟಿಯೇ ಇಲ್ಲ. ಹೀಗೆ ಹೊರಬಂದ ಗಾಮಾ ಕಿರಣದ ಶಕ್ತಿಯನ್ನು ನೋಡಿದೊಡನೆ ಯಾವ ಬೀಜ ಮೊಳಗಿತೆಂದು ಹೇಳಬಹುದು.

ಇದರಿಂದ ಪ್ರಯೋಜನವೇನು? ಈ ನಾಡಿನಲ್ಲಿ ನಿಂತು ಆ ಪ್ರಶ್ನೆಯನ್ನು ಕೇಳುವುದಾದರೆ ಮೊದಲ ಉತ್ತರ ನಮ್ಮ ಕಾಲಡಿಯಲ್ಲಿಯೇ ಇದೆ. ಎಣ್ಣೆಯ ಬಾವಿಯೊಂದು ಹಳೆಯದಾದಂತೆ, ಕೊಳವೆಯ ಹೊರಗಿನ ಬಂಡೆಯ ರಂಧ್ರಗಳಲ್ಲಿ ಇನ್ನೂ ಎಣ್ಣೆಯಿದೆಯೋ ಅಥವಾ ನೀರು ತುಂಬಿಕೊಂಡಿದೆಯೋ ಎಂಬುದು ತಿಳಿಯಬೇಕಾಗುತ್ತದೆ. ಉಕ್ಕಿನ ಕೊಳವೆಯ ಗೋಡೆಯಾಚೆ ಕಣ್ಣು ಹಾಯಿಸುವವರಾರು? ನ್ಯೂಟ್ರಾನು ಹಾಯುತ್ತದೆ. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳನ್ನು ಬೆಸೆದು 14 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳನ್ನು ಹೊಮ್ಮಿಸುವ ಸಣ್ಣ ನಳಿಗೆಯೊಂದನ್ನು ಬಾವಿಗಿಳಿಸುತ್ತಾರೆ. ಎಣ್ಣೆಯಲ್ಲಿ ಇಂಗಾಲವಿದೆ, ನೀರಿನಲ್ಲಿ ಆಮ್ಲಜನಕವಿದೆ. ಇಂಗಾಲ 4.44 ದಶಲಕ್ಷದ ಗಾಮಾ ಕಿರಣವನ್ನೂ, ಆಮ್ಲಜನಕ 6.13 ದಶಲಕ್ಷದ ಗಾಮಾ ಕಿರಣವನ್ನೂ ಕೊಡುತ್ತವೆ. ಎರಡರ ಅನುಪಾತದಿಂದ ಎಣ್ಣೆಯೆಷ್ಟು, ನೀರೆಷ್ಟು ಎಂಬ ಅಂದಾಜು ದೊರೆಯುತ್ತದೆ. ನೀರಿನ ಉಪ್ಪಿನಂಶ ಎಷ್ಟೆಂದು ಗೊತ್ತಿಲ್ಲದಿದ್ದರೂ ಈ ವಿಧಾನ ಕೆಲಸ ಮಾಡುತ್ತದೆಂಬುದೇ ಇದರ ಹಿರಿಮೆ. ಪೂರ್ವ ಪ್ರಾಂತದ ಧಹ್ರಾನಿನಲ್ಲಿರುವ ಕಿಂಗ್ ಫಹದ್ ಪೆಟ್ರೋಲಿಯಂ ಮತ್ತು ಖನಿಜ ವಿಶ್ವವಿದ್ಯಾಲಯದಲ್ಲಿ 350 ಕಿಲೋವೋಲ್ಟ್‌ನ ವೇಗೋತ್ಕರ್ಷಕವೊಂದರ ಸುತ್ತ ಇಂಥ ಅಧ್ಯಯನಗಳು ನಡೆದಿವೆ. ಕಾಂಕ್ರೀಟಿನಲ್ಲಿ ಸೇರಿಕೊಂಡ ಕ್ಲೋರಿನ್ ಉಕ್ಕಿನ ಸರಳುಗಳನ್ನು ತುಕ್ಕು ಹಿಡಿಸುತ್ತದೆ. ಅದನ್ನು ನ್ಯೂಟ್ರಾನುಗಳಿಂದ ಪತ್ತೆಹಚ್ಚುವ ಕೆಲಸವನ್ನೂ ಅಲ್ಲಿ ಮಾಡಿದ್ದಾರೆ. ಸಮುದ್ರತೀರದ ಕಟ್ಟಡಗಳನ್ನು ಕಟ್ಟುವ ನಮ್ಮ ಇಂಜಿನಿಯರ್ ಮಿತ್ರರಿಗೆ ಇದರ ಬೆಲೆ ಗೊತ್ತು.

ಎರಡನೆಯ ಉತ್ತರ ನಮ್ಮ ತಾಯ್ನಾಡಿನಲ್ಲಿದೆ. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಅವುಗಳಲ್ಲಿ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು, ಅಂದಿಗೆ ವಿಶ್ವದಾಖಲೆಯನ್ನು ಸ್ಥಾಪಿಸಿತು. ಅಂಥ ಸ್ಥಾವರದ ಒಡಲಿನಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ನ್ಯೂಟ್ರಾನುಗಳ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅವುಗಳನ್ನು ನಿಧಾನಗೊಳಿಸುವ ಮುಖ್ಯ ಕಾರ್ಯ ಭಾರಜಲದ್ದು. ಆದರೆ ಇಂಧನದ ಕಡ್ಡಿಯಿಂದ ಹೊರಬೀಳುವ ಮುನ್ನವೇ ಕೆಲವು ನ್ಯೂಟ್ರಾನುಗಳು ಯುರೇನಿಯಂ-238ಕ್ಕೆ ತಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಸುಮಾರು 10 ಲಕ್ಷಕ್ಕಿಂತ ಕೆಳಗಿಳಿದ ನ್ಯೂಟ್ರಾನು ಯುರೇನಿಯಂ-238ನ್ನು ಒಡೆಯಲು ಬಹುಮಟ್ಟಿಗೆ ಅಸಮರ್ಥ. ಎಷ್ಟು ನ್ಯೂಟ್ರಾನುಗಳು ಹೀಗೆ ಇಳಿದವು ಎಂಬುದು ಕೈಗಾದಂಥ ಸ್ಥಾವರದಲ್ಲಿ ಸಣ್ಣ ತಿದ್ದುಪಡಿ. ನಿಧಾನಗೊಳಿಸುವ ಜಲವೇ ಇಲ್ಲದ, ವೇಗದ ನ್ಯೂಟ್ರಾನುಗಳಿಂದಲೇ ನಡೆಯುವ ಸ್ಥಾವರಗಳಲ್ಲಿ ಅದು ಮೂಲಭೂತ ಅಂಕಿ. ಕಲ್ಪಾಕಂನಲ್ಲಿ 1985ರಲ್ಲಿ ಚಾಲನೆಗೊಂಡ ಪ್ರಾಯೋಗಿಕ ಸ್ಥಾವರ ಅಂಥದು.

ಕನ್ನಡಿಗರ ಹೆಸರೂ ಈ ಕಥೆಯಲ್ಲಿದೆ. 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರನ್ನು ನಮ್ಮಲ್ಲಿ ಅನೇಕರು ಪಿಯಾನೋ ವಾದಕರೆಂದೂ ಆಡಳಿತಗಾರರೆಂದೂ ಬಲ್ಲರು. ಆದರೆ 1950ರ ದಶಕದಲ್ಲಿ ಮುಂಬಯಿಯಲ್ಲಿ ಅವರು ಮತ್ತು ಅವರ ಸಂಗಡಿಗರು ಮಾಡಿದ ಆರಂಭದ ಕೆಲಸಗಳಲ್ಲಿ ಒಂದು, ಮಿಡಿತಗಳಾಗಿ ಹೊಮ್ಮುವ ನ್ಯೂಟ್ರಾನುಗಳು ನೀರಿನಲ್ಲಿಯೂ ಬೆರಿಲಿಯಂ ಆಕ್ಸೈಡಿನಲ್ಲಿಯೂ ಹೇಗೆ ನಿಧಾನಗೊಳ್ಳುತ್ತವೆ ಎಂಬ ಅಳತೆ. ದೊಡ್ಡ ಸ್ಥಾವರಗಳು ಕಟ್ಟಲ್ಪಡುವುದಕ್ಕೆ ಮೊದಲು ಯಾರೋ ಕೆಲವರು ಸಣ್ಣ ಕೋಣೆಯಲ್ಲಿ ಕುಳಿತು ಅಂಕಿಗಳನ್ನು ಅಳೆದಿರುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯ ಉತ್ತರ ರಕ್ಷಣೆಯದು. ವೇಗದ ನ್ಯೂಟ್ರಾನುಗಳನ್ನು ತಡೆಯಲು ಉಕ್ಕಿನ ಗೋಡೆಯನ್ನು ನಿಲ್ಲಿಸಿದರೆಂದುಕೊಳ್ಳಿ. ಕೇರಂ ಬಗೆಯ ಡಿಕ್ಕಿಯಲ್ಲಿ ಕಬ್ಬಿಣದ ಬೀಜಕ್ಕೆ ನೇರವಾಗಿ ಹೊಡೆದರೂ ನ್ಯೂಟ್ರಾನು ತನ್ನ ಶಕ್ತಿಯಲ್ಲಿ ನೂರಕ್ಕೆ ಏಳರಷ್ಟನ್ನೂ ಕಳೆದುಕೊಳ್ಳುವುದಿಲ್ಲ. ಆದರೆ 1000 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹೊತ್ತು ಬಂದ ನ್ಯೂಟ್ರಾನು ಘಂಟೆಯನ್ನು ಮೊಳಗಿಸಿದರೆ ಒಂದೇ ಪೆಟ್ಟಿಗೆ 847ನ್ನು ಅಲ್ಲಿಯೇ ಬಿಟ್ಟು, 153ಕ್ಕಿಂತಲೂ ಕಡಿಮೆಯನ್ನು ಹೊತ್ತು ಹೊರಬರುತ್ತದೆ. ಅನಂತರ ಅದಕ್ಕೆ ಕಬ್ಬಿಣದ ಅಂಗಡಿ ಮುಚ್ಚಿದಂತೆಯೇ. ಆದ್ದರಿಂದಲೇ ರಕ್ಷಣೆಯ ಗೋಡೆಯಲ್ಲಿ ಉಕ್ಕಿನ ಹಿಂದೆ ನೀರನ್ನೋ ಕಾಂಕ್ರೀಟನ್ನೋ ಇಡುತ್ತಾರೆ. ಅವುಗಳಲ್ಲಿರುವ ಜಲಜನಕ ಉಳಿದ ಶಕ್ತಿಯನ್ನು ಹೀರುತ್ತದೆ. ಉಕ್ಕು ಎಷ್ಟು ದಪ್ಪವಿರಬೇಕೆಂಬುದನ್ನು ಗಣಕಯಂತ್ರ ಹೇಳುತ್ತದೆ, ಗಣಕಯಂತ್ರಕ್ಕೆ ಅಂಕಿಯನ್ನು ನಾವು ಹೇಳಬೇಕು. ಗೋಡೆಯ ಈಚೆ ನಿಂತು ಕೆಲಸಮಾಡುವ ಮನುಷ್ಯನಿಗೆ ಆ ಅಂಕಿಯ ಹುಟ್ಟು ಗೊತ್ತಿರುವುದಿಲ್ಲ. ಅವನು ನಂಬಿಕೆಯ ಮೇಲೆ ನಿಂತಿರುತ್ತಾನೆ.

ಹಾಗಾದರೆ ಅಳೆಯುವುದು ಹೇಗೆ? ನಮಗೆ ಬೇಕಾದುದು, ಬರುವ ನ್ಯೂಟ್ರಾನಿಗೆ ಒಂದು ಬೀಜವು ಎಷ್ಟು ದೊಡ್ಡ ಗುರಿಯಾಗಿ ಕಾಣುತ್ತದೆ ಎಂಬ ಅಂಕಿ. ಇದಕ್ಕೆ ಅಡ್ಡಛೇದ ಎಂದು ಹೆಸರು. ಅದರ ಮಾನ ಬಾರ್ನ್. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಭೌತವಿಜ್ಞಾನಿಗಳು ವಿನೋದಕ್ಕೆ ಇಟ್ಟ ಹೆಸರು ಅದು. ಒಂದು ಚದರ ಸೆಂಟಿಮೀಟರನ್ನು ಹತ್ತರಿಂದ ಇಪ್ಪತ್ತನಾಲ್ಕು ಬಾರಿ ಭಾಗಿಸಿದರೆ ಒಂದು ಬಾರ್ನ್. ನಮಗದು ಕಲ್ಪನೆಗೆ ಮೀರಿದ ಕಿರಿದು. ಆದರೆ ಬೀಜದ ಲೋಕದಲ್ಲಿ ಅದು ಹೊಲದ ಕಣಜದಷ್ಟು ದೊಡ್ಡ ಗುರಿ.

ಮೊದಲ ವಿಧಾನದಲ್ಲಿ ಚದರಿದ ನ್ಯೂಟ್ರಾನನ್ನೇ ಓಟದ ಸ್ಪರ್ಧೆಗೆ ನಿಲ್ಲಿಸುತ್ತೇವೆ. ಲಿಥಿಯಂ ಅಥವಾ ಟ್ರಿಟಿಯಂ ಗುರಿಗೆ ಪ್ರೋಟಾನುಗಳನ್ನು ಕಿರುಮಿಡಿತಗಳಾಗಿ ಹೊಡೆದು ನ್ಯೂಟ್ರಾನುಗಳನ್ನು ಪಡೆಯುತ್ತೇವೆ. ಮಾದರಿಯಿಂದ ಚದರಿದವು ಮೂರು ಮೀಟರ್ ದೂರದ ಶೋಧಕವನ್ನು ಯಾವಾಗ ತಲುಪಿದವೆಂದು ಗಡಿಯಾರ ನೋಡುತ್ತೇವೆ. ಮಾದರಿಯಲ್ಲಿ ಹುಟ್ಟಿದ ಗಾಮಾ ಕಿರಣ 10 ನ್ಯಾನೋ ಸೆಕೆಂಡಿಗೆ ತಲುಪುತ್ತದೆ. 1000 ಕಿಲೋ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನು ಸುಮಾರು 217ಕ್ಕೆ ಬರುತ್ತದೆ. ಕಬ್ಬಿಣದಲ್ಲಿ 847ನ್ನು ಕಳೆದುಕೊಂಡದ್ದು ಸುಮಾರು 580ಕ್ಕೆ ಏದುಸಿರುಬಿಡುತ್ತಾ ಬರುತ್ತದೆ. ತಡವಾಗಿ ಬಂದವನ ಜೇಬಿನಲ್ಲಿ ಎಷ್ಟು ಉಳಿದಿದೆಯೆಂದು ಅವನ ನಡಿಗೆಯೇ ಹೇಳುತ್ತದೆ.

ಎರಡನೆಯ ವಿಧಾನದಲ್ಲಿ ನ್ಯೂಟ್ರಾನನ್ನು ಬಿಟ್ಟು ಘಂಟಾನಾದವನ್ನು ಕೇಳುತ್ತೇವೆ. ಶೈತ್ಯಗೊಳಿಸಿದ ಜರ್ಮೇನಿಯಂ ಶೋಧಕವು ಗಾಮಾ ಕಿರಣದ ಶಕ್ತಿಯನ್ನು ಸುಮಾರು 2 ಕಿಲೋ ಎಲೆಕ್ಟ್ರಾನ್ ವೋಲ್ಟಿನಷ್ಟು ಸೂಕ್ಷ್ಮವಾಗಿ ಬೇರ್ಪಡಿಸಬಲ್ಲದು. ಗಾಮಾ ಕಿರಣಗಳು ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮುವುದಿಲ್ಲ. ಆದುದರಿಂದ ಶೋಧಕವನ್ನು ಸಾಮಾನ್ಯವಾಗಿ ಸುಮಾರು 125 ಡಿಗ್ರಿ ಕೋನದಲ್ಲಿ ಇಡುತ್ತೇವೆ. ಅಸಮಾನತೆಯ ಮುಖ್ಯ ಭಾಗ ಆ ಕೋನದಲ್ಲಿ ಶೂನ್ಯವಾಗುತ್ತದೆ. ಬಂದ ನ್ಯೂಟ್ರಾನುಗಳೆಷ್ಟೆಂದು ಎಣಿಸಲು ಯುರೇನಿಯಂ-235 ಲೇಪಿಸಿದ ಇನ್ನೊಂದು ಉಪಕರಣ ಬೇಕು. ಮಾದರಿ ದಪ್ಪವಾದರೆ ಒಂದೇ ನ್ಯೂಟ್ರಾನು ಅದರಲ್ಲಿ ಎರಡು ಮೂರು ಬಾರಿ ಡಿಕ್ಕಿಹೊಡೆಯುತ್ತದೆ, ಗಾಮಾ ಕಿರಣವೂ ಒಳಗೇ ಹೀರಿಹೋಗುತ್ತದೆ. ತೆಳುವಾದರೆ ಎಣಿಕೆ ಸಾಲದು. ಇವೆಲ್ಲಕ್ಕೂ ತಿದ್ದುಪಡಿ ಮಾಡಿದ ಬಳಿಕ ಉಳಿಯುವುದೇ ಅಂಕಿ.

ಇಲ್ಲಿ ನಮ್ಮದೇ ಒಂದು ಪ್ರಸಂಗವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ನಾವು ಕೆಲವರು ಸೇರಿ ಕಬ್ಬಿಣದ 847ರ ಗಾಮಾ ಕಿರಣವನ್ನು ಅಳೆಯುತ್ತಿದ್ದೆವು. ಜರ್ಮೇನಿಯಂ ಶೋಧಕಕ್ಕೆ ನಮ್ಮಲ್ಲಿ ಹಣವಿರಲಿಲ್ಲ. ಸೋಡಿಯಂ ಅಯೋಡೈಡಿನ ಶೋಧಕವಿತ್ತು. ಅದರ ಕಣ್ಣು ಮಂಜು. 847ರ ಸುತ್ತಮುತ್ತ ಹಲವು ಹತ್ತು ಕಿಲೋ ಎಲೆಕ್ಟ್ರಾನ್ ವೋಲ್ಟುಗಳ ಅಂತರದಲ್ಲಿರುವುದೆಲ್ಲವೂ ಅದಕ್ಕೆ ಒಂದೇ ದಿಬ್ಬವಾಗಿ ಕಾಣುತ್ತದೆ. ನ್ಯೂಟ್ರಾನುಗಳ ಶಕ್ತಿ 25 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಮಾದರಿಯನ್ನು ಇಟ್ಟು ಎಣಿಸಿದೆವು. ಅನಂತರ ಮಾದರಿಯನ್ನು ಅದರ ಪೀಠದ ಸಮೇತ ತೆಗೆದು, ಹಿನ್ನೆಲೆಯನ್ನು ಎಣಿಸಿ ಕಳೆದೆವು. ಲೆಕ್ಕ ಅಚ್ಚುಕಟ್ಟಾಗಿತ್ತು. ಪ್ರಬಂಧ ಸಿದ್ಧವಾಯಿತು. ಸಮ್ಮೇಳನವೊಂದಕ್ಕೆ ಸಾರಾಂಶವೂ ಹೋಯಿತು.

ನಮ್ಮೊಡನಿದ್ದ ವಿದ್ಯಾರ್ಥಿನಿಯೊಬ್ಬಳ ಸಂಶೋಧನಾ ವೇತನದ ಅವಧಿ ಆಗ ಮುಗಿಯುತ್ತಾ ಬಂದಿತ್ತು. ಆ ಪ್ರಬಂಧ ಹೊರಬಂದರೆ ಎಲ್ಲರಿಗಿಂತ ಹೆಚ್ಚು ಲಾಭ ಅವಳಿಗೇ. ಒಂದು ಸಂಜೆ ಅವಳು ಆಲೇಖದ ಕಾಗದವನ್ನು ಹಿಡಿದು ಬಂದು, 1014ರ ಬಳಿ ಒಂದು ಕಿರಿಯ ಉಬ್ಬಿದೆ, ಕಬ್ಬಿಣಕ್ಕೆ ಈ ಶಕ್ತಿಯಲ್ಲಿ ಅಲ್ಲಿ ನಾದವಿಲ್ಲವಲ್ಲ ಎಂದಳು. ನಾವು ಮೊದಲು ಅದನ್ನು ಎಣಿಕೆಯ ಏರಿಳಿತವೆಂದು ತಳ್ಳಿಹಾಕಿದೆವು. ಅವಳು ಮರುದಿನವೂ ಬಂದಳು. ಮೂರನೆಯ ದಿನ ಅವಳೇ ಪಟ್ಟಿಯನ್ನು ತೆರೆದು ತೋರಿಸಿದಳು. 1014 ಅಲ್ಯೂಮಿನಿಯಂನ ಎರಡನೆಯ ಉದ್ರಿಕ್ತ ಸ್ಥಿತಿ. ಹಾಗಾದರೆ ಮೊದಲನೆಯದು? 844. ಕಬ್ಬಿಣದ 847ಕ್ಕೆ ಕೇವಲ ಮೂರರ ಅಂತರ. ನಮ್ಮ ಮಾದರಿಯನ್ನು ಹೊತ್ತು ನಿಂತಿದ್ದ ಪೀಠ ಅಲ್ಯೂಮಿನಿಯಂನದು. ಹಿನ್ನೆಲೆಯನ್ನು ಎಣಿಸುವಾಗ ಪೀಠವನ್ನೂ ತೆಗೆದಿದ್ದರಿಂದ, ಪೀಠದ ನಾದವೆಲ್ಲ ಕಬ್ಬಿಣದ ಖಾತೆಗೆ ಜಮೆಯಾಗಿತ್ತು.

ನಮ್ಮ ಊರುಗಳ ಸಂತೆಯಲ್ಲಿ ತುಪ್ಪ ಕೊಳ್ಳುವ ಮುದುಕಿಗೂ ಗೊತ್ತಿರುವ ನೀತಿ ಅದು. ಮೊದಲು ಖಾಲಿ ಪಾತ್ರೆಯನ್ನು ತೂಗಬೇಕು. ಇಲ್ಲವಾದರೆ ಹಿತ್ತಾಳೆಗೆ ತುಪ್ಪದ ಬೆಲೆ ತೆರುತ್ತೇವೆ. ಪಾತ್ರೆಯನ್ನು ತೆಗೆದು ತಕ್ಕಡಿಯನ್ನು ಮಾತ್ರ ತೂಗಿದವರು ನಾವು, ಪದವಿಗಳನ್ನು ಪಡೆದವರು.

ಖಾಲಿ ಪೀಠವನ್ನು ಇಟ್ಟು ಮತ್ತೆ ಅಳೆದೆವು. ವ್ಯತ್ಯಾಸ ನಾವು ಹೇಳಿಕೊಂಡಿದ್ದ ದೋಷದ ಮಿತಿಗಿಂತ ಹೆಚ್ಚಾಗಿತ್ತು. ಸಾರಾಂಶವನ್ನು ಹಿಂದಕ್ಕೆ ಪಡೆದೆವು. ತೆಳುವಾದ ದಾರಗಳಿಂದ ಮಾದರಿಯನ್ನು ತೂಗುಹಾಕಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಆ ಹುಡುಗಿಯ ವೇತನ ನಡುವೆಯೇ ನಿಂತಿತು. ಅವಳು ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ಸಂಜೆಗಳಲ್ಲಿ ಬಂದು ಎಣಿಕೆಯನ್ನು ಮುಗಿಸಿದಳು. ಕೆಲವು ಮಿತ್ರರು, ಅವಳು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೆಂದರು. ತಿಳಿಯುತ್ತಿತ್ತು. ಇನ್ನೊಬ್ಬರು ಅಳೆದಾಗ ಎಂದಾದರೂ ತಿಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಎಷ್ಟು ಗೋಡೆಗಳ ದಪ್ಪವನ್ನು ಆ ಅಂಕಿ ನಿರ್ಧರಿಸಿರುತ್ತಿತ್ತು? ಆ ಪ್ರಶ್ನೆಯನ್ನು ನಾವು ಇಂದಿಗೂ ಕೇಳಿಕೊಳ್ಳುತ್ತೇವೆ. ಅವಳ ಮಾತನ್ನು ಎರಡು ದಿನ ತಳ್ಳಿಹಾಕಿದವರು ನಾವೇ ಎಂಬುದನ್ನೂ ಮರೆತಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವು ಅಂಕಿಗಳು ಇನ್ನೂ ಕೈಗೆ ಸಿಕ್ಕಿಲ್ಲ. ಯುರೇನಿಯಂ-238ರ ವಿಷಯ ಆಗಲೇ ಹೇಳಿದೆವು. ಅದರ ಮೊದಲ ಮೆಟ್ಟಿಲು 45 ಮಾತ್ರ. ಆದ್ದರಿಂದ ಮೊಳಗಿಸಿ ಬಂದ ನ್ಯೂಟ್ರಾನಿಗೂ ಸುಮ್ಮನೆ ತಾಗಿ ಬಂದ ನ್ಯೂಟ್ರಾನಿಗೂ ವೇಗದಲ್ಲಿ ಕೂದಲೆಳೆಯ ಅಂತರ. ಗಾಮಾ ಕಿರಣವನ್ನಾದರೂ ಕೇಳೋಣವೆಂದರೆ, ಈ ಮೆಟ್ಟಿಲಿನಿಂದ ಇಳಿಯುವಾಗ ಬೀಜವು ಬಹುಪಾಲು ಗಾಮಾ ಕಿರಣವನ್ನು ಸೂಸದೆ ತನ್ನದೇ ಪರಮಾಣುವಿನ ಎಲೆಕ್ಟ್ರಾನಿಗೆ ಶಕ್ತಿಯನ್ನು ದಾಟಿಸಿಬಿಡುತ್ತದೆ. ಅಪರೂಪಕ್ಕೆ ಹೊಮ್ಮಿದ ಗಾಮಾ ಕಿರಣವನ್ನು ಯುರೇನಿಯಂ ತಾನೇ ನುಂಗುತ್ತದೆ. 2008ರಲ್ಲಿ ಪ್ಯಾರಿಸ್‌ನ ಪರಮಾಣು ಶಕ್ತಿ ಸಂಸ್ಥೆಯೊಂದರ ಅಂತರರಾಷ್ಟ್ರೀಯ ತಂಡವು, ಮುಂದಿನ ಪೀಳಿಗೆಯ ಸ್ಥಾವರಗಳಿಗೆ ಈ ಅಂಕಿಯನ್ನು ಅಂದಿಗಿಂತ ಹಲವು ಪಟ್ಟು ನಿಖರವಾಗಿ ತಿಳಿಯಬೇಕೆಂದು ವರದಿ ಮಾಡಿತು. ಅನಂತರ ಹಲವು ದೇಶಗಳವರು ಸೇರಿ ಜಲಜನಕ, ಆಮ್ಲಜನಕ-16, ಕಬ್ಬಿಣ-56, ಯುರೇನಿಯಂನ ಎರಡು ರೂಪಗಳು ಹಾಗೂ ಪ್ಲುಟೋನಿಯಂ-239 ಇವುಗಳ ದತ್ತಾಂಶವನ್ನು ಒಟ್ಟಿಗೆ ಪರಿಷ್ಕರಿಸಿ 2018ರಲ್ಲಿ ಪ್ರಕಟಿಸಿದರು. ಬೆಲ್ಜಿಯಂನ ಗೀಲ್ ಪಟ್ಟಣದಲ್ಲಿ ಸೆಕೆಂಡಿಗೆ 800 ಬಾರಿ ಮಿಡಿಯುವ ಯಂತ್ರದಿಂದ ಬರುವ ನ್ಯೂಟ್ರಾನುಗಳನ್ನು ಬಹುದೂರ ಓಡಿಸಿ, ಅವು ಮೊಳಗಿಸಿದ ಗಾಮಾ ಕಿರಣಗಳನ್ನು ಜರ್ಮೇನಿಯಂ ಶೋಧಕಗಳಿಂದ ಕೇಳುವ ಅಳತೆಗಳು ಈ ಪ್ರಯತ್ನದ ಒಂದು ಆಧಾರಸ್ತಂಭ.

ಕೊನೆಯದಾಗಿ, ನಮ್ಮ ನೆರೆಯ ನಗರವೊಂದರ ಕಥೆ. ನ್ಯೂಟ್ರಾನಿನ ಘಂಟಾನಾದಗಳ ಬಹುದೊಡ್ಡ ಸಂಗ್ರಹಗಳಲ್ಲಿ ಒಂದು ಸಿದ್ಧವಾದದ್ದು ಯೂರೋಪಿನಲ್ಲಿ ಅಲ್ಲ, ಅಮೆರಿಕದಲ್ಲಿಯೂ ಅಲ್ಲ. ಬಾಗ್ದಾದಿನಲ್ಲಿ. ಆ ನಗರದ ಹೊರವಲಯದ ತುವೈತಾದಲ್ಲಿ 1960ರ ದಶಕದಲ್ಲಿ ಸೋವಿಯೆತ್ ನೆರವಿನಿಂದ ಕಟ್ಟಿದ ಸಂಶೋಧನಾ ಸ್ಥಾವರವಿತ್ತು. ಅಲ್ಲಿಯ ಪರಮಾಣು ಸಂಶೋಧನಾ ಸಂಸ್ಥೆಯಲ್ಲಿ ದೆಮಿದೋವ್ ಎಂಬ ರಷ್ಯನ್ ವಿಜ್ಞಾನಿ ಮತ್ತು ಅವರ ರಷ್ಯನ್, ಇರಾಕಿ ಸಹೋದ್ಯೋಗಿಗಳು ಸ್ಥಾವರದ ವೇಗದ ನ್ಯೂಟ್ರಾನುಗಳನ್ನು ಒಂದೊಂದೇ ಮಾದರಿಯ ಮೇಲೆ ಹಾಯಿಸಿ ಗಾಮಾ ಕಿರಣಗಳನ್ನು ಪಟ್ಟಿಮಾಡಿದರು. ನಿಸರ್ಗದಲ್ಲಿ ದೊರೆಯುವಂತೆಯೇ ಇದ್ದ ಮಾದರಿಗಳು 76, ಒಂದೇ ಐಸೋಟೋಪನ್ನು ಹೆಚ್ಚಿಸಿ ತಯಾರಿಸಿದವು 29, ಒಟ್ಟು 105. ಫಲಿತಾಂಶ 1978ರಲ್ಲಿ ಮಾಸ್ಕೋದಲ್ಲಿ ಗ್ರಂಥವಾಗಿ ಅಚ್ಚಾಯಿತು.

ಅದಾದ ಹದಿಮೂರು ವರ್ಷಗಳಿಗೆ, 1991ರ ಕೊಲ್ಲಿ ಯುದ್ಧದಲ್ಲಿ, ತುವೈತಾದ ಆ ಸ್ಥಾವರದ ಮೇಲೆ ಬಾಂಬುಗಳು ಬಿದ್ದುವು. ಅದೇ ಚಳಿಗಾಲದಲ್ಲಿ ಈ ರಿಯಾಧ್ ನಗರದ ಮೇಲೂ ಕ್ಷಿಪಣಿಗಳು ಬಿದ್ದುದನ್ನು ಇಲ್ಲಿಯ ಹಿರಿಯರು ಬಲ್ಲರು. ಕಿಟಕಿಗಳಿಗೆ ಪಟ್ಟಿ ಅಂಟಿಸಿ, ಮಕ್ಕಳನ್ನು ಒಳಕೋಣೆಯಲ್ಲಿ ಮಲಗಿಸಿದ ಸಂಸಾರಗಳ ನೆನಪು ಇನ್ನೂ ಮಾಸಿಲ್ಲ. ಎರಡೂ ಊರುಗಳ ತಾಯಂದಿರು ಆ ರಾತ್ರಿಗಳಲ್ಲಿ ಒಂದೇ ಆಕಾಶವನ್ನು ಆಲಿಸುತ್ತಿದ್ದರು. ಬಾಗ್ದಾದಿನ ಸ್ಥಾವರ ಹಾಳಾಯಿತು. ಆ ಅಳತೆಗಳನ್ನು ಅಲ್ಲಿ ಮತ್ತೆ ಮಾಡುವ ಮಾತೇ ಉಳಿಯಲಿಲ್ಲ.

ಆದರೆ ಗ್ರಂಥ ಉಳಿಯಿತು. ಮೂವತ್ತು ವರ್ಷಗಳ ಅನಂತರ ಅಮೆರಿಕದ ಬರ್ಕ್ಲಿಯ ಸಂಶೋಧಕರೂ ಅವರ ಸಂಗಡಿಗರೂ ಅದರ ಪುಟಗಳನ್ನು ಗಣಕಯಂತ್ರಕ್ಕಿಳಿಸಿ, 2021ರಲ್ಲಿ ಎಲ್ಲರಿಗೂ ದೊರೆಯುವ ದತ್ತಸಂಚಯವಾಗಿ ಪ್ರಕಟಿಸಿದರು. ಅದರ ಹೆಸರಿನಲ್ಲಿ ಬಾಗ್ದಾದ್ ಇದೆ. ಅದರ ಅಂಕಿಗಳನ್ನು ಬಾರ್ನ್‌ಗಳಿಗೆ ಪರಿವರ್ತಿಸಲು ಆಧಾರವಾಗಿ ಹಿಡಿದದ್ದು ಯಾವುದನ್ನು ಗೊತ್ತೇ? ಕಬ್ಬಿಣ-56ರ ಅದೇ 847ರ ಗಾಮಾ ಕಿರಣವನ್ನು. ಆ ಒಂದು ಅಂಕಿ ಸರಿಯಿದ್ದರೆ ಉಳಿದ ಸಾವಿರಾರು ಅಂಕಿಗಳು ಸರಿಯಾಗಿ ನಿಲ್ಲುತ್ತವೆ. ಅದು ತಪ್ಪಿದರೆ ಎಲ್ಲವೂ ಒಟ್ಟಿಗೆ ವಾಲುತ್ತವೆ. ಇದನ್ನು ಓದಿದಾಗ ನಮಗೆ ಆ ವಿದ್ಯಾರ್ಥಿನಿಯ ನೆನಪಾಯಿತು. ಅವಳು ಹಟ ಹಿಡಿದು ಕಾಪಾಡಿದ್ದು ಅದೇ ಅಂಕಿಯ ಮರ್ಯಾದೆಯನ್ನು.

ಬಂಧುಗಳೇ, ಹೊರನಾಡಿಗೆ ಬಂದ ನಾವೆಲ್ಲರೂ ಒಂದಲ್ಲ ಒಂದು ದಿನ ಇಲ್ಲಿಂದ ಹೊರಡುವವರು. ಕಟ್ಟಿದ ಗೋಡೆ, ಬರೆದ ಲೆಕ್ಕ, ಕೊಟ್ಟ ಔಷಧದ ಚೀಟಿ ಇವು ಇಲ್ಲಿ ಉಳಿಯುತ್ತವೆ. ಅವುಗಳ ಮೇಲೆ ನಮ್ಮ ಹೆಸರಿರುವುದಿಲ್ಲ. ಒಲಾಯಾದ ಬೀದಿಯ ಕೆಳಗೆ 2024ರ ಡಿಸೆಂಬರಿನಿಂದ ಮೆಟ್ರೋ ಓಡುತ್ತಿದೆ. ಅದರ ಸುರಂಗದ ಒಂದೊಂದು ಅಳತೆಯನ್ನೂ ಯಾರೋ ಒಬ್ಬರು ಒಂದು ಸಂಜೆ ಎರಡನೆಯ ಬಾರಿ ನೋಡಿರಬೇಕು. ನಾವು ಅವರ ಹೆಸರನ್ನರಿಯೆವು, ಆದರೂ ನಿಶ್ಚಿಂತೆಯಿಂದ ಪಯಣಿಸುತ್ತೇವೆ.

ಮಕ್ಕಳಿಗೆ ಒಂದು ಮಾತು. ನಿಮ್ಮಲ್ಲಿ ಎಷ್ಟು ಮಂದಿ ಭೌತವಿಜ್ಞಾನವನ್ನು ಓದುತ್ತೀರೋ ನಾವರಿಯೆವು. ಏನನ್ನೇ ಓದಿ, ಯಾವ ಊರಿನಲ್ಲಿಯೇ ಇರಿ. ನಿಮ್ಮ ಉತ್ತರ ಬಹಳ ಅಚ್ಚುಕಟ್ಟಾಗಿ ಬಂದ ದಿನ, ಒಂದು ಕ್ಷಣ ನಿಂತು ಖಾಲಿ ಪಾತ್ರೆಯನ್ನು ತೂಗಿದ್ದೇವೆಯೇ ಎಂದು ಕೇಳಿಕೊಳ್ಳಿ. ನಿಮಗಿಂತ ಕಿರಿಯರೊಬ್ಬರು ಬಂದು ಅಲ್ಲೊಂದು ಉಬ್ಬಿದೆಯೆಂದು ಹೇಳಿದರೆ, ಮೊದಲ ದಿನವೇ ಕಿವಿಗೊಡಿ. ನಮಗೆ ಮೂರು ದಿನ ಬೇಕಾಯಿತು.

ಅಡಿಗೆಮನೆಯಿಂದ ಒಗ್ಗರಣೆಯ ಪರಿಮಳ ಬರುತ್ತಿದೆ. ಯಾವ ಬಾಣಲೆ ಮೊಳಗಿತೆಂದು ಗುರುತಿಸಲು ಇಲ್ಲಿ ಶೋಧಕ ಬೇಕಾಗಿಲ್ಲ.